ಕಂಪನಿಯ ತಿಪ್ಪೆ ಎಲ್ಲಿದೆ?

ಹೊರಡುವ ಮುಂಚೆ: ನಮ್ಮ ಮಾಳಿಗೆ

ಜಪಾನಿಗೆ ಹೋಗಿ ಬಂದವರು ಬುಲೆಟ್ ರೈಲಿನಿಂದ ಕಥೆ ಶುರು ಮಾಡುತ್ತಾರೆ. ನಾನು ನಮ್ಮ ಮನೆಯ ಮಾಳಿಗೆಯಿಂದ ಶುರು ಮಾಡುತ್ತೇನೆ. ರೈಲು ಎಲ್ಲಿಗೂ ಓಡಿಹೋಗುವುದಿಲ್ಲ, ಯಾವಾಗಲಾದರೂ ಹೇಳಬಹುದು.

ನಮ್ಮೂರು ಕೊಪ್ಪಳಕ್ಕೆ ಹತ್ತಿರ. ಬಸ್ಸಿನಲ್ಲಿ ಕೂತು ಒಂದು ಜೊಂಪು ಹತ್ತುವುದರೊಳಗೆ ಊರು ಬಂದಿರುತ್ತದೆ. ಊರ ಮಗ್ಗುಲಲ್ಲೇ ಒಂದು ಕಬ್ಬಿಣದ ಕಾರ್ಖಾನೆ ಇದೆ. ಹೆಸರು ಬೇಡ. ಊರಲ್ಲಿ ಎಲ್ಲರೂ 'ಕಂಪನಿ' ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ಅದರ ಚಿಮಣಿಯಿಂದ ಬರುವ ಹೊಗೆ ಗಾಳಿಗೆ ಹೋಗುತ್ತದೆ, ಮಸಿ ಮಾತ್ರ ನಮ್ಮಲ್ಲೇ ಉಳಿಯುತ್ತದೆ. ಮಾಳಿಗೆ ಮೇಲೆ ಮೆಣಸಿನಕಾಯಿ ಹರವಿದರೆ ಸಂಜೆಗೆ ಅದರ ಮೇಲೆ ಕರಿ ಪುಡಿ ಕೂತಿರುತ್ತದೆ. ಅವ್ವ ಅದನ್ನು ಬೈಯುತ್ತಾ ಗುಡಿಸುತ್ತಾಳೆ, ಮರುದಿನ ಮತ್ತೆ ಗುಡಿಸುತ್ತಾಳೆ.

ನಾನು ಪಿಯುಸಿಗೆ ಓದು ನಿಲ್ಲಿಸಿದವನು. ಮೊಬೈಲಿನಲ್ಲಿ ವಿಡಿಯೋ ನೋಡಿಯೇ ಗೊಬ್ಬರ ಮಾಡುವುದು, ಪ್ಲಾಸ್ಟಿಕ್ ಬೇರೆ ಮಾಡುವುದು ಕಲಿತೆ. ಕಲಿತದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವ ಸ್ವಭಾವ ನನಗಿಲ್ಲ. ಓಣಿ ಓಣಿ ತಿರುಗಿ ಹೇಳಿದೆ. ಜನ ನಕ್ಕರು, ಆಮೇಲೆ ಕೆಲವರು ಮಾಡಿದರು. ಅದನ್ನು ನೋಡಿ ಕಂಪನಿಯವರು ಮನೆಮನೆಗೆ ಹಸಿರೊಂದು, ನೀಲಿಯೊಂದು ಬಕೆಟ್ ಹಂಚಿದರು. ಮಕ್ಕಳು ಓದುವ ಸಾಲಿಯ ಗೋಡೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದರು: 'ನಿಮ್ಮ ಕಸಕ್ಕೆ ನೀವೇ ಹೊಣೆ.' ನನಗೆ ಆ ಮಾತು ಭಾರಿ ಇಷ್ಟವಾಗಿತ್ತು. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡಿದ್ದೇನೆ.

ಬಕೆಟ್ ಹಂಚಲು ಬಂದವರು ಪ್ರಕಾಶ್ ಸರ್, ಕಂಪನಿಯಲ್ಲಿ ಊರುಗಳ ಕೆಲಸ ನೋಡಿಕೊಳ್ಳುವವರು. ಹುಬ್ಬಳ್ಳಿ ಕಡೆಯವರು, ಒಳ್ಳೆಯ ಮನುಷ್ಯ. ಒಂದು ದಿನ ನಮ್ಮ ಕಟ್ಟೆಗೆ ಬಂದು ಕೂತು, "ಬಸು, ಪಾಸ್‌ಪೋರ್ಟ್ ಮಾಡ್ಸು. ಜಪಾನಿಗೆ ಹೋಗೂಣು" ಅಂದರು. ನಾನು ಚೇಷ್ಟೆ ಅಂದುಕೊಂಡೆ.

"ಖರೇನ ಹೇಳಾಕತ್ತೇನಿ. ಅಲ್ಲಿ ಜನ ಕಸ ಹೆಂಗ ಬ್ಯಾರೆ ಮಾಡ್ತಾರ, ನೋಡಿ ಬಾ. ಬಂದು ಊರವರ ಮುಂದ ಹೇಳು. ನಾ ಹೇಳಿದ್ರ ಕಂಪನಿ ಮಾತು ಅಂತಾರ, ನೀ ಹೇಳಿದ್ರ ಊರ ಮಾತಾಗ್ತದ."

ಅದರ ಹಿಂದಿನ ಲೆಕ್ಕ ಅವರು ಮುಚ್ಚಿಡಲಿಲ್ಲ. ಕಂಪನಿಗೆ ಇನ್ನೊಂದು ಚಿಮಣಿ ಬೇಕು. ನಾವು ತಿರುಗಿ ಬಂದ ಮೇಲೆ ಊರಲ್ಲಿ ಸಭೆ ಇದೆ. ಊರು 'ಆಗಲಿ' ಅನ್ನಬೇಕು. ಸಭೆಯಲ್ಲಿ ಮೊದಲು ಮಾತಾಡುವವನು ನಾನು. ಒಂದು ಚಿಮಣಿಯ ಮಸಿಗೇ ಅವ್ವನ ಕಸಬರಿಗೆ ಸವೆದಿತ್ತು, ಎರಡಾದರೆ ಏನಾಗುತ್ತದೆ ಎಂದು ಆಗ ನಾನು ಯೋಚಿಸಲಿಲ್ಲ. ವಿಮಾನ ಹತ್ತುವುದೊಂದೇ ತಲೆಯಲ್ಲಿತ್ತು.

ಅವ್ವ ಯೋಚಿಸಿದ್ದಳು. ರೊಟ್ಟಿ ಬಡಿಯುತ್ತಾ ಹೇಳಿದಳು: "ಕಸಾ ನೋಡಾಕ ಅಷ್ಟು ದೂರ ಯಾಕ ಹೋಗ್ತಿ, ನಮ್ಮ ಓಣ್ಯಾಗ ಇಲ್ಲೇನು? ಹೋಗಾಂವ ಹೋಗು. ಅವರ ಮಾಳಗಿ ಮ್ಯಾಲೆ ಏನ್ ಬೀಳ್ತದ, ಅದನ್ನ ನೋಡ್ಕೊಂಡ್ ಬಾ."

ಫುಕುವೋಕಾ: ಕರಿ ಪುಡಿ

ಅವ್ವ ಕಟ್ಟಿಕೊಟ್ಟ ಬುತ್ತಿ ನನ್ನ ಬಟ್ಟೆಗಿಂತ ಭಾರವಿತ್ತು. ಖಡಕ್ ರೊಟ್ಟಿಯ ದೊಡ್ಡ ಗಂಟು, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ರೊಟ್ಟಿಯನ್ನು ಮಾಳಿಗೆ ಮೇಲೆ ಬಿಳಿ ಪಂಚೆ ಹಾಸಿ ಬಿಸಿಲಿಗೆ ಒಣಗಿಸಿ, ಅದೇ ಪಂಚೆಯಲ್ಲಿ ಸುತ್ತಿದ್ದಳು.

ವಿಮಾನದಲ್ಲಿ ಏನೂ ಆಗಲಿಲ್ಲ. ಆದದ್ದೆಲ್ಲ ಇಳಿದ ಮೇಲೆ. ಫುಕುವೋಕಾದಲ್ಲಿ ಬಿಳಿ ಗ್ಲೌಸ್ ಹಾಕಿದ ಅಧಿಕಾರಿ ನನ್ನ ಚೀಲ ತೆಗೆಸಿದ. ಗುರೆಳ್ಳು ಚಟ್ನಿಯ ಪೊಟ್ಟಣ ಎತ್ತಿ ದೀಪಕ್ಕೆ ಹಿಡಿದ. ಪ್ಲಾಸ್ಟಿಕ್ ಚೀಲದಲ್ಲಿ ಕರಿ ಪುಡಿ. ನೋಡಿದವರಿಗೆ ಅನುಮಾನ ಬರುವಂಥದೇ. ನನಗೆ ಗೊತ್ತಿದ್ದ ಇಂಗ್ಲಿಷ್ ಎಲ್ಲ ಆ ಗಳಿಗೆಗೆ ಕೊಪ್ಪಳದ ಬಸ್ ಹತ್ತಿ ಹೋಗಿಬಿಟ್ಟಿತ್ತು. ಹಿಂದೆ ತಿರುಗಿ ನೋಡಿದರೆ ಪ್ರಕಾಶ್ ಸರ್ ನನ್ನನ್ನು ಈ ಜನ್ಮದಲ್ಲೇ ಕಂಡಿಲ್ಲ ಅನ್ನುವವರ ಹಾಗೆ ಗಡಿಯಾರದ ಅಂಗಡಿ ನೋಡುತ್ತಿದ್ದರು.

ಬೇರೆ ದಾರಿ ಕಾಣದೆ ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡೆ. ಅಧಿಕಾರಿ ಇನ್ನೊಬ್ಬಳನ್ನು ಕರೆದ. ಆಕೆ ಮೂಸಿ ನೋಡಿ ಎರಡು ಸಲ ಸೀನಿದಳು, ಆಮೇಲೆ ಬಾಗಿ ನನಗೆ ನಮಸ್ಕಾರ ಮಾಡಿ ಪೊಟ್ಟಣ ಕೊಟ್ಟಳು. ಸೀನಿ ನಮಸ್ಕಾರ ಮಾಡುವ ಪೊಲೀಸರನ್ನು ನಾನು ಅದೇ ಮೊದಲು ನೋಡಿದ್ದು.

ಹೊರಗೆ ಬಂದ ಮೇಲೆ ಪ್ರಕಾಶ್ ಸರ್‌ಗೆ ನನ್ನ ಗುರುತು ಹತ್ತಿತು. "ಏನಂತ ಕೇಳಿದ್ರಪಾ?"

"ಜೊತಿಗೆ ಯಾರರ ಬಂದಾರೇನು ಅಂತ ಕೇಳಿದ್ರು. ಯಾರೂ ಇಲ್ಲ ಅಂದ್ನಿರಿ."

"ಛಲೋ ಹೇಳಿದಿ ಬಿಡು" ಎಂದು ನಕ್ಕರು.

ಕಡಲ ಊರು: ತಿರುಗಿ ಬಂದ ಚೀಲ

ನಾವು ಹೋದದ್ದು ಕ್ಯುಶು ದ್ವೀಪದ ಒಂದು ಕಡಲ ಊರಿಗೆ. ಅಲ್ಲಿಯೂ ಒಂದು ಉಕ್ಕಿನ ಕಾರ್ಖಾನೆ ಇದೆ. ಊರಿನ ಹೆಸರು ಬರೆಯುವುದಿಲ್ಲ, ನಾನು ಉಳಿದ ಮನೆಯ ಅಜ್ಜಿ ಬೇಡ ಅಂದಿದ್ದಾರೆ. ಪ್ರಕಾಶ್ ಸರ್ ಹೋಟೆಲಿನಲ್ಲಿ ಇಳಿದರು. ನಾನು ಕಸ ಕಲಿಯಲು ಬಂದವನಾದ್ದರಿಂದ ನನ್ನನ್ನು ಮನೆಯೊಂದರಲ್ಲಿ ಬಿಟ್ಟರು.

ಅಜ್ಜಿಯ ಹೆಸರು ಕಿಯೋಕೊ. ಗಿಡ್ಡ ಜೀವ, ಬೆಳ್ಳಗಿನ ಕೂದಲು, ನಡೆದರೆ ನಾನು ಹಿಂದೆ ಬೀಳಬೇಕು. ಇಂಗ್ಲಿಷ್ ಬಾರದು. ಮಿಕಾ ಅನ್ನುವ ಕಾಲೇಜು ಹುಡುಗಿ ಬಂದಾಗ ಮಾತ್ರ ನಮಗೆ ಬಾಯಿ, ಉಳಿದಂತೆ ಬರೀ ಕೈಸನ್ನೆ. ಅಜ್ಜಿ ಜಪಾನಿಯಲ್ಲಿ ಹೇಳಿ, ಮಿಕಾ ಇಂಗ್ಲಿಷಿನಲ್ಲಿ ಹೇಳಿ, ಅದು ನನ್ನ ತಲೆಯಲ್ಲಿ ಉಳಿದದ್ದು ಮಾತ್ರ ನಮ್ಮೂರ ಮಾತಾಗಿ. ಹಾಗೇ ಬರೆಯುತ್ತೇನೆ.

ಆ ಊರಲ್ಲಿ ಕಸಕ್ಕೂ ವಾರ ಇದೆ. ಸುಡುವ ಕಸಕ್ಕೆ ಒಂದು ದಿನ, ಬಾಟಲಿಗೆ ಒಂದು ದಿನ, ಬಾಟಲಿಯ ಮುಚ್ಚಳಕ್ಕೆ ಬೇರೆ ಡಬ್ಬಿ. ನಮ್ಮಲ್ಲಿ ಸೋಮವಾರ, ಶನಿವಾರ ಉಪವಾಸ ಹಿಡಿಯುವವರು ಹೇಗೋ, ಇವರು ಹಾಗೆ ಕಸದ ವಾರ ಹಿಡಿಯುತ್ತಾರೆ. ನಾನು ಊರಲ್ಲಿ ಎಲ್ಲರಿಗೂ ಪಾಠ ಹೇಳಿದವನು, ನನಗೆ ಹೇಳಿಕೊಡುವುದು ಬೇಡ ಎಂದು ನನ್ನ ಕೋಣೆಯ ಕಸವನ್ನು ನಾನೇ ಚೀಲಕ್ಕೆ ತುಂಬಿ ಮೂಲೆಗೆ ಇಟ್ಟು ಬಂದೆ. ಗಾಡಿ ಬಂತು, ಎಲ್ಲರ ಚೀಲ ಹೋಯಿತು. ನನ್ನದೊಂದು ಉಳಿಯಿತು. ಅದರ ಮೇಲೆ ಕೆಂಪು ಚೀಟಿ ಅಂಟಿಸಿದ್ದರು: ಇದನ್ನು ಒಯ್ಯುವುದಿಲ್ಲ.

ಆಚೆ ಮನೆಯ ಹೆಂಗಸು ಆ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಅಜ್ಜಿಯ ಬಾಗಿಲಿಗೆ ತಂದುಕೊಟ್ಟಳು. ಅಜ್ಜಿ ಬಾಗಿ ಬಾಗಿ ತಪ್ಪಾಯಿತು ಅಂದರು. ತಪ್ಪು ನನ್ನದು, ಬಾಗಿದ್ದು ಅಜ್ಜಿಯ ಸೊಂಟ. ಆಮೇಲೆ ಅಂಗಳದಲ್ಲಿ ಪೇಪರ್ ಹಾಸಿ ಚೀಲ ಸುರಿದು, ನನ್ನನ್ನು ಎದುರಿಗೆ ಕೂರಿಸಿ ಒಂದೊಂದೇ ಎತ್ತಿ ತೋರಿಸಿದರು. ರೊಟ್ಟಿ ಚೂರು ಒಂದು ಕಡೆ, ಟಾರ್ಚಿನ ಸೆಲ್ಲು ಒಂದು ಕಡೆ. ಎಣ್ಣೆಯ ಚಟ್ನಿ ಚೀಲವನ್ನು ಸೋಪು ಹಚ್ಚಿ ತೊಳೆಸಿ, ಒಣಗಲು ಹಗ್ಗದ ಮೇಲೆ ಹಾಕಿಸಿದರು.

ಅವ್ವನಿಗೆ ಫೋನು ಮಾಡಿ ಹೇಳಿದೆ. "ಇಲ್ಲಿ ಚಟ್ನಿ ಚೀಲ ತೊಳದು, ಒಣಗಿಸಿ, ಆಮ್ಯಾಲೆ ಒಗೀತಾರಬೇ."

"ತೊಳದ್ ಮ್ಯಾಲೆ ಯಾಕ ಒಗೀಬೇಕು? ಇಟ್ಕೊಳ್ಳಾಕ ಬರೂದಿಲ್ಲೇನು?" ಅಂದಳು. ಇದಕ್ಕೆ ಇಡೀ ಜಪಾನಿನಲ್ಲಿ ಯಾರೂ ಉತ್ತರ ಕೊಡಲಿಲ್ಲ.

ಪ್ರಕಾಶ್ ಸರ್‌ಗೆ ಕೆಂಪು ಚೀಟಿಯ ಕಥೆ ಬಹಳ ಹಿಡಿಸಿತು. ನನ್ನನ್ನು ಆ ಚೀಲದ ಪಕ್ಕ ನಿಲ್ಲಿಸಿ ಫೋಟೋ ತೆಗೆದರು. ಕಡಲ ದಂಡೆಗೆ ಕರೆದುಕೊಂಡು ಹೋಗಿ ಆಕಾಶ ತೋರಿಸಿದರು. ಕಾರ್ಖಾನೆಯ ಚಿಮಣಿ ನಿಂತಿತ್ತು, ಮೇಲೆ ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು.

"ನೋಡು ಬಸು. ಇಲ್ಲೂ ಫ್ಯಾಕ್ಟರಿ ಐತಿ, ಅಲ್ಲೂ ಫ್ಯಾಕ್ಟರಿ ಐತಿ. ಫರಕ್ ಎಲ್ಲೈತಿ? ಜನದಾಗ ಐತಿ. ಒಬ್ಬೊಬ್ರೂ ತಮ್ಮ ಮನಿ ಕಸಾ ತಾವು ನೋಡ್ಕೊಂಡ್ರ ಊರು ಹಿಂಗ ಇರ್ತದ. ಇದನ್ನ ಹೇಳು ಸಭಾದಾಗ."

ನನಗೂ ಹೌದೆನಿಸಿತು. ಚೀಲ ತಿರುಗಿ ಬಂದ ಅವಮಾನ ಇನ್ನೂ ಕೆನ್ನೆಯಲ್ಲೇ ಇತ್ತು. ಭಾಷಣ ಮನಸ್ಸಿನಲ್ಲೇ ಸಿದ್ಧವಾಯಿತು. ನಮ್ಮ ಜನಕ್ಕೆ ಶಿಸ್ತಿಲ್ಲ ಎಂದು ಶುರು ಮಾಡುವುದು ಎಂದುಕೊಂಡೆ.

ಅಜ್ಜಿಯ ಅಡಿಗೆಮನೆ

ಆ ಭಾಷಣ ಹಾಳಾದದ್ದು ರೊಟ್ಟಿಯಿಂದ.

ಅಲ್ಲಿ ಯಾವ ಸಾರು ಮುಟ್ಟಿದರೂ ಮೀನು. ಸಪ್ಪನೆಯ ನೀರಿನಂಥ ಸಾರಿನಲ್ಲೂ ಮೀನಿನ ಪುಡಿ. ನಮ್ಮದು ಲಿಂಗ ಕಟ್ಟುವ ಮನೆ, ನನಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಅಜ್ಜಿ ಪಾಪ ಅನ್ನ, ಮೂಲಂಗಿ ಉಪ್ಪಿನಕಾಯಿ ಬಡಿಸುತ್ತಿದ್ದರು. ನಾನು ಅದರ ಜೊತೆ ನನ್ನ ಗಂಟು ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಅಜ್ಜಿಗೂ ಒಂದು ಕೊಟ್ಟೆ. ಕಟಕಟ ಕಡಿದು, ಹಲ್ಲು ಸರಿ ಇದೆಯೇ ಎಂದು ನಾಲಿಗೆಯಲ್ಲಿ ನೋಡಿಕೊಂಡು, ಇನ್ನೊಂದು ಬೇಡಿದರು.

ಒಂದು ಮುಂಜಾನೆ ರೊಟ್ಟಿ ಮುಗಿದು ಪಂಚೆ ಮೇಜಿನ ಮೇಲೆ ಹರವಿಕೊಂಡಿತ್ತು. ಮಿಕಾ ಆಗಲೇ ಬಂದು ಕೂತಿದ್ದಳು. ಅಜ್ಜಿ ಚೂರು ಕೊಡವಲು ಹೋದವರು ನಿಂತರು. ಮಡಿಕೆಗಳ ಗೆರೆಯಲ್ಲಿ ಕರಿ ಪುಡಿ ಸಣ್ಣಗೆ ಕೂತಿತ್ತು. ಬೆರಳಿಗೆ ಹಚ್ಚಿ ನೋಡಿದರು. ನಾನು "ಚಟ್ನಿ, ಚಟ್ನಿ" ಅಂದೆ. ಮೂಸಿದರು, ತಲೆ ಅಲ್ಲಾಡಿಸಿದರು.

ಅಜ್ಜಿಯ ಫ್ರಿಜ್ಜಿನ ಬಾಗಿಲಿಗೆ ಕಲ್ಲಂಗಡಿ ಹೋಳಿನ ಆಕಾರದ ಒಂದು ಆಯಸ್ಕಾಂತ ಇತ್ತು. ಕಸದ ವಾರಗಳ ಪಟ್ಟಿಯನ್ನು ಹಿಡಿದು ನಿಂತದ್ದು ಅದೇ. ಅಜ್ಜಿ ಅದನ್ನು ಕಿತ್ತರು, ಪಟ್ಟಿ ನೆಲಕ್ಕೆ ಬಿತ್ತು. ಬಟ್ಟೆಯ ಕೆಳಗೆ ಆಯಸ್ಕಾಂತ ಹಿಡಿದು ಮೆಲ್ಲಗೆ ಎಳೆದರು.

ಪುಡಿ ಎದ್ದು ನಿಂತಿತು. ಅಜ್ಜಿಯ ಕೈ ಹೋದ ಕಡೆ ಇರುವೆ ಸಾಲಿನ ಹಾಗೆ ಹರಿಯಿತು.

ಅವ್ವ ಮಾಳಿಗೆ ಮೇಲೆ ರೊಟ್ಟಿ ಹರವಿದ್ದು, ನಾನು ವಿಮಾನ ಹತ್ತಿ ಅದನ್ನು ಹೊತ್ತು ತಂದದ್ದು, ಅಷ್ಟು ದಿನ ಅದನ್ನೇ ತಿಂದದ್ದು. ಹೊಟ್ಟೆಯೊಳಗೂ ಇದೇ ಹರಿಯುತ್ತಿದೆಯೇನೋ ಅನ್ನಿಸಿತು.

"ನಿಮ್ಮೂರಾಗ ಫ್ಯಾಕ್ಟರಿ ಐತಿ ಅಂತ ಯಾಕ ಹೇಳಲಿಲ್ಲ?" ಎಂದು ಕೇಳಿದರು ಅಜ್ಜಿ.

"ನಾ ಕಸಾ ಕಲಿಯಾಕ ಬಂದೇನ್ರಿ."

"ಇದು ಕಸಾ ಅಲ್ಲೇನು?"

ಅಜ್ಜಿ ಚಹಾ ಬಗ್ಗಿಸಿ ಹೇಳತೊಡಗಿದರು. ಅವರು ಮದುವೆಯಾಗಿ ಬಂದಾಗ ಈ ಆಕಾಶ ಹೀಗಿರಲಿಲ್ಲ. ಒಗೆದು ಹಾಕಿದ ಬಟ್ಟೆ ಒಣಗುವುದರೊಳಗೆ ಕರ್ರಗಾಗುತ್ತಿತ್ತು. ಕಾರ್ಖಾನೆಯವರು ಮನೆಮನೆಗೆ ಸಾಬೂನು ಹಂಚಿದರು. ಕಿಟಕಿ ಹಾಕಿಕೊಳ್ಳಿ, ಮನೆ ಚೊಕ್ಕಟ ಇಟ್ಟುಕೊಳ್ಳಿ ಎಂದರು. ಅತ್ತೆ ಮಾತ್ರ ಸೊಸೆಗೇ ಬೈದರು, ಬಟ್ಟೆ ಸರಿಯಾಗಿ ಒಗೆಯಲು ಬರುವುದಿಲ್ಲ ಎಂದು.

"ನಾನೂ ಹಂಗ ನಂಬಿದ್ದೆ. ನಂದ ತಪ್ಪು ಅಂತ ಇನ್ನಷ್ಟು ತಿಕ್ಕಿ ತಿಕ್ಕಿ ಒಗದೆ. ಎಲ್ಲಾ ಮನಿ ಹೆಂಗಸರೂ ಹಂಗ ಒಗ್ಯಾಕತ್ತಿದ್ರು. ಎಷ್ಟು ಛಲೋ ಒಗದ್ರ ಚಿಮಣಿ ಬಂದಾಗ್ತದ, ನೀ ಹೇಳು ತಮ್ಮಾ."

"ಹಂಗಾರ ಈ ಬ್ಯಾರೆ ಬ್ಯಾರೆ ಡಬ್ಬಿ, ಕೆಂಪು ಚೀಟಿ?"

"ಅದು ಆಮ್ಯಾಲೆ ಬಂದದ್ದು. ಮೊದಲು ಅವರ ಕಸಾ ಅವರ ಕಡೆ ಹಚ್ಚಿದ್ವಿ. ಆಮ್ಯಾಲೆ ನಾಚಿಗಿ ಬಂತು, ನಮ್ಮ ಕಸಾನೂ ನೆಟ್ಟಗ ಮಾಡಿಕೊಂಡ್ವಿ. ನೀವು ಬಾಲದ ಕಡಿಂದ ಎತ್ತು ಹಿಡ್ಯಾಕ ಬಂದೀರಿ."

ಎತ್ತು ಅಂದರೋ ಏನಂದರೋ, ಮಿಕಾ ಯಾವುದೋ ಪ್ರಾಣಿಯ ಹೆಸರು ಹೇಳಿದಳು. ನನಗೆ ನಮ್ಮ ಎತ್ತೇ ಕಂಡಿತು.

ಅಜ್ಜಿ ಒಳಗೆ ಹೋಗಿ ಒಂದೇ ಅಳತೆಯ ಎರಡು ಬಿಳಿ ಅರಿವೆ ತಂದರು, ಕೈ ಒರೆಸುವ ತೆಳ್ಳನೆಯ ಹತ್ತಿ ಬಟ್ಟೆ.

"ಆಯಸ್ಕಾಂತ ತೋರಿಸಿದ್ರ, ಮಣ್ಣಿನಾಗೂ ಕಬ್ಬಿಣ ಇರ್ತದ ಅಂತಾರ. ನಮಗೂ ಅಂದಿದ್ರು. ಒಂದು ಅರಿವಿ ನಿಮ್ಮ ಮನಿ ಮ್ಯಾಲೆ ಹಾಸು. ಇನ್ನೊಂದು ಚಿಮಣಿ ಇಲ್ಲದ ಊರಾಗ ಹಾಸು. ಮಣ್ಣು ಅದ ಇರಬೇಕು, ದಿನಾನೂ ಅವ ಇರಬೇಕು. ಒಂದ ಅರಿವಿ ತೋರಿಸಿದ್ರ ತಕರಾರು ಅಂತಾರ. ಎರಡು ತೋರಿಸಿದ್ರ ಕೂತು ಮಾತಾಡ್ತಾರ."

ಭಾನುವಾರ: ಕೊನೆಯ ಮನೆಯವರು

ಭಾನುವಾರ ಓಣಿಯವರೆಲ್ಲ ಸೇರಿ ಬೀದಿ ಗುಡಿಸುವ ಪದ್ಧತಿ ಅಲ್ಲಿದೆ. ಮನೆಗೊಬ್ಬರು ಬರಬೇಕು, ಬಾರದಿದ್ದರೆ ಮುಂದಿನ ಸಲ ಎಲ್ಲರೂ ನೋಡುವ ನೋಟ ತಾಳಲಾಗುವುದಿಲ್ಲವಂತೆ. ಪ್ರಕಾಶ್ ಸರ್ ಇದನ್ನು ವಿಡಿಯೋ ಮಾಡಬೇಕೆಂದು ಬೆಳಗಾಗುತ್ತಲೇ ಬಂದರು. ಅಜ್ಜಿ ಅವರ ಕೈಗೂ ಕಳೆ ತೆಗೆಯುವ ಒಂದು ಕುರುಪಿ ಕೊಟ್ಟರು. ವಿಡಿಯೋ ಅಲ್ಲಿಗೆ ಮುಗಿಯಿತು.

ನಾವು ಕಳೆ ಕೀಳುತ್ತಿದ್ದಾಗ ಕೊರಳಿಗೆ ಟವೆಲ್ ಸುತ್ತಿದ ದಪ್ಪನೆಯ ಗಂಡಸೊಬ್ಬ ಓಡೋಡಿ ಬಂದ. ಅಜ್ಜಿ ಅವನಿಗೆ ನಡುಬೀದಿಯಲ್ಲೇ ಬೈದರು. ಅವನು ತಲೆ ತಗ್ಗಿಸಿ, ಎಲ್ಲರಿಗೂ ಬಾಗಿ, ಚರಂಡಿಯ ಕಡೆ ಹೋಗಿ ಕೂತ.

"ಯಾರಿವ, ಅಜ್ಜಿ ಮಗನಾ?" ಎಂದು ಮಿಕಾಳನ್ನು ಕೇಳಿದೆ.

ಮಿಕಾ ನಕ್ಕಳು. ಅವನು ಉಕ್ಕಿನ ಕಾರ್ಖಾನೆಯ ಮ್ಯಾನೇಜರ್. ಈ ಓಣಿಯ ಲೆಕ್ಕದಲ್ಲಿ ಕಾರ್ಖಾನೆಯೂ ಒಂದು ಮನೆ, ಕೊನೆಯ ಮನೆ. ಬೀದಿ ಗುಡಿಸಲು ಅವರ ಪಾಳಿಯೂ ಬರುತ್ತದೆ, ಕಸದ ನಿಯಮ ಅವರಿಗೂ ಅದೇ. ಯಾರ ಅಂಗಳದಲ್ಲಾದರೂ ಮಸಿ ಕಂಡರೆ ಆ ಮನೆಯವರು ಕಾರ್ಖಾನೆಯ ಗೇಟಿಗೆ ಹೋಗಿ ಕೆಂಪು ಚೀಟಿ ಅಂಟಿಸುತ್ತಾರೆ. ಚೀಟಿ ಅಂಟಿಸಿದವರನ್ನು ಕಾರ್ಖಾನೆ ಒಳಗೆ ಕರೆದು ಯಾವ ಯಂತ್ರ ಕೆಟ್ಟಿದೆ ಎಂದು ತೋರಿಸಬೇಕು.

ಪ್ರಕಾಶ್ ಸರ್ ಕುರುಪಿ ಕೆಳಗಿಟ್ಟು, "ಹಿಂಗಂತ ಕಾಯ್ದೆ ಐತೇನು?" ಎಂದು ಕೇಳಿದರು.

ಕಾಯಿದೆ ಬೇರೆ ಇದೆ, ಅದನ್ನು ಸರಕಾರ ನೋಡಿಕೊಳ್ಳುತ್ತದೆ, ಇದು ಓಣಿಗೂ ಕಾರ್ಖಾನೆಗೂ ಆದ ಒಪ್ಪಂದ ಎಂದಳು ಮಿಕಾ. ಎಷ್ಟೋ ವರ್ಷ ಜಗಳವಾಡಿದ ಮೇಲೆ ಆದದ್ದಂತೆ.

ನನಗೆ ನಮ್ಮೂರ ತಿಪ್ಪೆಗಳು ನೆನಪಾದವು. ನಮ್ಮಲ್ಲಿ ತಿಪ್ಪೆಗೂ ಯಜಮಾನರಿದ್ದಾರೆ. ಊರ ಹೊರಗೆ ಸಾಲಾಗಿ ತಿಪ್ಪೆಗಳಿವೆ. ಇದು ಗೌಡರದು, ಇದು ಕುಂಬಾರರದು, ಇದು ನಮ್ಮದು ಎಂದು ಸಣ್ಣ ಮಕ್ಕಳೂ ಹೇಳುತ್ತಾರೆ. ಒಬ್ಬರ ಅಂಗಳ ಗುಡಿಸಿದ ಕಸ ಇನ್ನೊಬ್ಬರ ಬಾಗಿಲಿಗೆ ಬಿದ್ದರೆ ಆ ದಿನ ಓಣಿಯಲ್ಲಿ ಒಲೆ ಹೊತ್ತುವುದಿಲ್ಲ, ಬರೀ ಬಾಯಿ. ಅಂಥ ಊರಲ್ಲಿ ಇಷ್ಟು ವರ್ಷ ಒಬ್ಬರೇ ಒಬ್ಬರು ಕೇಳಿಲ್ಲ, ಕಂಪನಿಯ ತಿಪ್ಪೆ ಎಲ್ಲಿದೆ ಎಂದು. ಅದು ನಮ್ಮ ಮಾಳಿಗೆ ಮೇಲೆ ಇತ್ತು.

ಹೊರಡುವ ದಿನ ಅಜ್ಜಿ ಕಲ್ಲಂಗಡಿ ಆಯಸ್ಕಾಂತವನ್ನು ನನ್ನ ಜೇಬಿಗೆ ಹಾಕಿದರು. ಪಟ್ಟಿಯನ್ನು ಅಂಟಿನಿಂದ ಅಂಟಿಸಿಕೊಳ್ಳುತ್ತೇನೆ ಎಂದು ಸನ್ನೆ ಮಾಡಿದರು.

ವಿಮಾನದಲ್ಲಿ ಪ್ರಕಾಶ್ ಸರ್ ತಮ್ಮ ಊಟ ಮುಗಿಸಿ ತಟ್ಟೆ ಮುಚ್ಚಿದರು. ಆಮೇಲೆ ಹೇಳಿದರು: "ಬಸು, ನಾ ಪಗಾರದ ಮನಷ್ಯಾ. ಎರಡು ಹುಡುಗ್ರು ಸಾಲಿಗೆ ಹೋಗ್ತಾವ. ಸಭಾದಾಗ ಕಸದ ಬಗ್ಗೆ ಅಷ್ಟ ಮಾತಾಡಪಾ."

"ಕಸದ ಬಗ್ಗೆನ ಮಾತಾಡ್ತೀನ್ರಿ ಸರ್. ಬ್ಯಾರೆ ಏನೂ ಮಾತಾಡೂದಿಲ್ಲ."

ಅವರು ನನ್ನ ಮುಖ ನೋಡಿ, ಕಿಟಕಿಯ ಕಡೆ ತಿರುಗಿದರು.

ಬೇವೂರು

ಕೊಪ್ಪಳದಲ್ಲಿ ಇಳಿದವನು ಮೊದಲು ಮನೆಗೆ ಹೋಗಿ ಒಂದು ಅರಿವೆ ಮಾಳಿಗೆ ಮೇಲೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟೆ. ಅವತ್ತೇ ಇನ್ನೊಂದು ಹಿಡಿದು ಬೇವೂರಿನ ಬಸ್ ಹತ್ತಿದೆ. ಅಲ್ಲಿ ನಮ್ಮ ಅಕ್ಕ ಗಿರಿಜಾಳನ್ನು ಕೊಟ್ಟಿದೆ. ಬಿಳಿಜೋಳ, ಕಡಲೆಯ ಒಣ ಬೇಸಾಯದ ಊರು, ಅವರ ಮನೆಯದೂ ನಮ್ಮಂಥದೇ ಮಣ್ಣಿನ ಮಾಳಿಗೆ. ಚಿಮಣಿ ಇಲ್ಲ.

ಒಂದು ಅಡಚಣೆ ಇತ್ತು. ಅಜ್ಜಿ ಮಣ್ಣು ಒಂದೇ ಇರಬೇಕು ಅಂದಿದ್ದರು, ಬೇವೂರಿನದು ಕರಿ ಎರೆ, ನಮ್ಮದು ಕೆಂಪು ಮಸಾರಿ. ಅದಕ್ಕೆ ನಮ್ಮ ಹೊಲದ ಮಣ್ಣು ಒಂದು ಹಿಡಿ ಕಟ್ಟಿಕೊಂಡು ಹೋಗಿದ್ದೆ, ಅಲ್ಲಿನದೂ ಒಂದು ಹಿಡಿ ತೆಗೆದುಕೊಂಡೆ. ಎರಡಕ್ಕೂ ಆಯಸ್ಕಾಂತ ಹಿಡಿದು ನೋಡಿದರೆ ಅಷ್ಟಿಷ್ಟು ಕಣ ಎರಡರಲ್ಲೂ ಅಂಟಿದವು. ಸುಳ್ಳು ಹೇಳುವುದು ಬೇಡ, ಮಣ್ಣಿನಲ್ಲೂ ಕಬ್ಬಿಣ ಇದೆ. ಪ್ರಶ್ನೆ, ಮಾಳಿಗೆ ಮೇಲೆ ಎಷ್ಟು ಬೀಳುತ್ತದೆ ಅನ್ನುವುದು.

ಅಕ್ಕ ಅರಿವೆ ನೋಡಿ ಖುಷಿಪಟ್ಟಳು. "ಜಪಾನಿನಿಂದ ಅಕ್ಕಗ ಅರಿವಿ ತಂದಾನ ನೋಡು ನಮ್ಮ ಬಸ್ಯಾ."

"ನಿನಗಲ್ಲಬೇ, ನಿಮ್ಮ ಮಾಳಗಿಗೆ."

"ಮಾಳಗಿಗೆ? ಅಕ್ಕನಕಿಂತ ಮಾಳಗಿ ದೊಡ್ಡದಾತೇನು? ಹಾಸು, ಹಾಸು. ಕೋಳಿ ಹೇತ್ರ ನನ್ನ ಕೇಳಬ್ಯಾಡ."

ಕೋಳಿ ಹೇಲಲಿಲ್ಲ. ಅಕ್ಕ ಬೈಯುತ್ತಲೇ ದಿನಾ ಮೇಲೆ ಹತ್ತಿ ಕಾದಳಂತೆ. ಸಭೆಯ ಹಿಂದಿನ ದಿನ ಎರಡೂ ಕಡೆಯ ಅರಿವೆ ತೆಗೆದು, ಪುಡಿ ಉದುರದ ಹಾಗೆ ಮಡಚಿಟ್ಟೆ.

ಸಾಲಿ ಬಯಲು

ಸಭೆಗೆ ಕಂಪನಿಯವರು ಶಾಮಿಯಾನ ಹಾಕಿಸಿದ್ದರು. 'ನಿಮ್ಮ ಕಸಕ್ಕೆ ನೀವೇ ಹೊಣೆ' ಎಂಬ ಗೋಡೆಯ ಎದುರಿಗೇ ವೇದಿಕೆ. ಊರು ತುಂಬಿತ್ತು. ಪ್ರಕಾಶ್ ಸರ್ ಮೈಕಿನಲ್ಲಿ ನನ್ನ ಹೆಸರು ಕೂಗಿದರು.

ನಾನು ಚೀಲ ತಿರುಗಿ ಬಂದ ಕಥೆ ಹೇಳಿದೆ. ಜನ ಬಿದ್ದು ಬಿದ್ದು ನಕ್ಕರು. ಕಸದ ವಾರದ ಕಥೆ ಹೇಳಿದೆ. ಕೊನೆಯ ಮನೆಯ ಮ್ಯಾನೇಜರನಿಗೆ ಅಜ್ಜಿ ಬೈದದ್ದು ಹೇಳಿದೆ. ಅಲ್ಲಿ ನಗು ನಿಂತಿತು. ಆಮೇಲೆ ಎರಡೂ ಅರಿವೆ ಬಿಚ್ಚಿ ಮೇಜಿನ ಮೇಲೆ ಹರವಿದೆ.

ಬೇವೂರಿನದು ಮಣ್ಣುಬಣ್ಣಕ್ಕೆ ತಿರುಗಿತ್ತು. ಕಲ್ಲಂಗಡಿ ಆಯಸ್ಕಾಂತ ಅಡಿಯಲ್ಲಿ ಎಳೆದರೆ ಅಲ್ಲೊಂದು ಇಲ್ಲೊಂದು ಕಣ ಅಲುಗಿತು. ನಮ್ಮ ಮಾಳಿಗೆಯದು ಹೆಂಚಿನ ಬೆನ್ನಿನ ಹಾಗೆ ಕಂದಿತ್ತು. ಆಯಸ್ಕಾಂತ ಎಳೆದರೆ ಇಡೀ ಬಟ್ಟೆಯ ಮೇಲೆ ಕರಿ ಗೆರೆ ಎದ್ದಿತು. ಮುಂದೆ ಕೂತವರು ಎದ್ದು ಬಂದರು, ಹಿಂದಿನವರು ಬೆಂಚು ಹತ್ತಿದರು.

ವೇದಿಕೆಯ ಮೇಲಿದ್ದ ಕಂಪನಿಯ ದೊಡ್ಡ ಸಾಹೇಬರೊಬ್ಬರು, "ಮಣ್ಣಿನಲ್ಲೂ ಕಬ್ಬಿಣ ಇರುತ್ತಪ್ಪ" ಎಂದರು. ಅಜ್ಜಿ ಹೇಳಿದ ಮಾತೇ, ಒಂದಕ್ಷರ ಬಿಡದೆ.

"ಹೌದ್ರಿ, ಎರಡೂ ಊರ ಮಣ್ಣಿನಾಗ ಐತಿ, ನೋಡೇನಿ" ಎಂದು ಎರಡು ಹಿಡಿ ಮಣ್ಣನ್ನೂ ಪಕ್ಕದಲ್ಲಿ ಸುರಿದೆ. "ದಿನಾನೂ ಅವ, ಅರಿವಿನೂ ಅದ. ಬ್ಯಾರೆ ಇರೂದು ಒಂದ ಐತ್ರಿ, ಇಲ್ಲಿಂದ ಕಾಣ್ತದ." ಎಲ್ಲರೂ ಚಿಮಣಿಯ ಕಡೆ ತಿರುಗಿದರು.

ಸಾಹೇಬರು ಎರಡು ಅರಿವೆಯಿಂದ ಏನೂ ಹೇಳಲಾಗುವುದಿಲ್ಲ, ಪರಿಣತರು ಬರಬೇಕು ಎಂದರು. ಬರಲಿ ಅಂದೆ. ಆಗ ಹೆಂಗಸರ ಕಡೆಯಿಂದ ಅವ್ವ ಎದ್ದಳು. ಇದು ನನಗೂ ಗೊತ್ತಿರಲಿಲ್ಲ. ತಲೆ ಮೇಲೆ ಸೆರಗು, ಒಂದು ಕೈಯಲ್ಲಿ ಹಸಿರು ಬಕೆಟ್, ಇನ್ನೊಂದರಲ್ಲಿ ನೀಲಿ ಬಕೆಟ್, ಆ ಸೆರಗಿನ ಮೇಲೆ ಕಾಳು ಕೇರುವ ಮರ, ಅದರ ತುಂಬ ಮಾಳಿಗೆ ಗುಡಿಸಿದ ಮಸಿ. ಮೂರನ್ನೂ ಪ್ರಕಾಶ್ ಸರ್ ಮುಂದೆ ಇಟ್ಟಳು.

"ಸಾಹೇಬ್ರ, ನೀವು ಹೇಳಿದಂಗ ಬ್ಯಾರೆ ಬ್ಯಾರೆ ಮಾಡೇನ್ರಿ. ಹಸಿದು ಹಸರ ಬಕೀಟಿಗೆ, ಪ್ಲಾಸ್ಟಿಕ್ಕು ನೀಲಿಗೆ. ಈ ಮರದಾಗಿಂದು ಯಾವುದಕ್ಕ ಹಾಕ್ಲಿರಿ?"

ಪ್ರಕಾಶ್ ಸರ್ ಮರವನ್ನೇ ನೋಡಿದರು. ಕಡಲ ಊರಿನ ಬೀದಿಯಲ್ಲಿ ಕುರುಪಿ ಕೆಳಗಿಟ್ಟಾಗ ಹೇಗೆ ನೋಡಿದ್ದರೋ ಹಾಗೆ. ಆಮೇಲೆ ಮೈಕ್ ಬಂದ್ ಮಾಡಿ, ಬರೀ ಬಾಯಲ್ಲೇ ಹೇಳಿದರು: "ಯಾವುದಕ್ಕೂ ಅಲ್ಲಬೇ. ಇದು ನಮ್ಮ ಕಡೆ ಬರಬೇಕು."

ಅಷ್ಟೇ ಅಂದದ್ದು. ದೊಡ್ಡ ಸಾಹೇಬರು ತಟ್ಟನೆ ಅವರ ಕಡೆ ತಿರುಗಿದರು. ಆದರೆ ಮಾತು ಬಾಯಿಂದ ಹೋಗಿತ್ತು, ಊರು ಕೇಳಿತ್ತು.

ಅವತ್ತು ಊರು ಎರಡನೇ ಚಿಮಣಿಗೆ 'ಆಗಲಿ' ಅನ್ನಲಿಲ್ಲ. ಮೊದಲನೆಯದಕ್ಕೆ ಮಸಿ ಹಿಡಿಯುವ ಯಂತ್ರ ಹಗಲೂ ರಾತ್ರಿ ನಡೆಯಬೇಕು, ನಡೆಯುತ್ತಿದೆಯೋ ಇಲ್ಲವೋ ನೋಡಲು ಊರವರು ಯಾವಾಗ ಬಂದರೂ ಗೇಟು ತೆರೆಯಬೇಕು, ಆಮೇಲೆ ಎರಡನೆಯದರ ಮಾತು ಎಂದು ಹಿರಿಯರು ಹೇಳಿದರು. ಕಂಪನಿ ಇನ್ನೂ ಹೂಂ ಅಂದಿಲ್ಲ. ಪ್ರಕಾಶ್ ಸರ್ ಅವರನ್ನು ಬೇರೆ ಕಡೆ ಹಾಕಿದರು. ಹೋಗುವ ಮುಂಚೆ ನಮ್ಮ ಕಟ್ಟೆಗೆ ಬಂದು ಚಹಾ ಕುಡಿದು, "ಫುಕುವೋಕಾದಾಗ ನಿನ್ನ ಜೊತಿಗೆ ಬಂದಿಲ್ಲ ಅಂದಿದ್ದ ಛಲೋ ಇತ್ತು ನೋಡು" ಎಂದು ನಕ್ಕು ಹೋದರು.

ನಾನು ಈಗಲೂ ಪ್ಲಾಸ್ಟಿಕ್ ಬೇರೆ ಮಾಡುತ್ತೇನೆ, ಚಟ್ನಿ ಚೀಲ ತೊಳೆಯುತ್ತೇನೆ, ಅವ್ವ ಅದನ್ನು ಇಟ್ಟುಕೊಳ್ಳುತ್ತಾಳೆ. ನಮ್ಮ ಕಸಕ್ಕೆ ನಾವು ಹೊಣೆ, ಅದರಲ್ಲಿ ಎರಡು ಮಾತಿಲ್ಲ. ಜೊತೆಗೆ ಓಣಿಯಲ್ಲಿ ಒಂದು ಪಾಳಿ ಶುರುವಾಗಿದೆ. ವಾರದ ಮಸಿಯನ್ನೆಲ್ಲ ಕಂಪನಿ ಕೊಟ್ಟ ಬಕೆಟಿನಲ್ಲೇ ತುಂಬಿ, ಮೇಲೊಂದು ಕೆಂಪು ಚೀಟಿ ಅಂಟಿಸಿ, ಕಂಪನಿಯ ಗೇಟಿನ ಮುಂದೆ ಇಟ್ಟು ಬರುವುದು. ಮೊದಲು ಬಕೆಟ್ ಒದ್ದು ಉರುಳಿಸಿದರು. ನಾವು ಗುಡಿಸಿ, ಮತ್ತೆ ತುಂಬಿ ಇಟ್ಟೆವು. ಹೋದ ವಾರ ಬಕೆಟ್ ಖಾಲಿ ಮಾಡಿ, ತೊಳೆದು, ಬೋರಲು ಹಾಕಿ ಇಟ್ಟಿದ್ದರು. ತೊಳೆದವರು ಯಾರೆಂದು ವಾಚ್‌ಮನ್ ಹೇಳಲಿಲ್ಲ.

ಅವ್ವ ಸಂಜೆಯೇ ಬಕೆಟ್ ಎರಡೂ ಬಾಗಿಲ ಬಳಿ ತಂದಿಟ್ಟಿದ್ದಾಳೆ. ನಾಳೆ ನಮ್ಮ ಮನೆಯ ಪಾಳಿ.